ಮಾಮನ ಟ್ಯಾಕ್ಸಿಯ ಪಾಸಿಂಗ್

ತೆರಿಗೆ ಕಚೇರಿಯ ಕಾರಕೂನನ ಜೊತೆ ಅಂದು ನಾನು ಮಾಡಿದ ವಾದದಲ್ಲಿ ತಪ್ಪಿರಲಿಲ್ಲವೆಂದು ಈಗಲೂ ನಂಬಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಬರೆಯಬೇಕಾದದ್ದರಲ್ಲಿ ನನ್ನ ಪರವಾಗಿ ಹೇಳುವಂಥದ್ದು ಹೆಚ್ಚೇನೂ ಇಲ್ಲ.

ನನ್ನ ಸೋದರಮಾವ ಅಕ್ಕಲಕೋಟೆಯಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದ. ನಮ್ಮದು ನಾಗಣಸೂರಿನ ಕಡೆಯ ಕುರಿಗಾರರ ಮನೆತನ. ಮಾಮ ತನ್ನ ಪಾಲಿನ ಹಿಂಡನ್ನು ಮಾರಿ, ಯಾರೋ ಸಾಹುಕಾರರ ಮನೆಯಲ್ಲಿ ಓಡಿ ದಣಿದಿದ್ದ ಅಮೇರಿಕದ ಕಾರೊಂದನ್ನು ಕೊಂಡು, ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಜನರನ್ನು ಒಯ್ಯುವ ಪರ್ಮಿಟ್ ಮಾಡಿಸಿಕೊಂಡಿದ್ದ. ಅವನ ಮನೆಯೂ ನನ್ನ ಕಾಲೇಜೂ ನಡೆಯುತ್ತಿದ್ದದ್ದು ಆ ಪರ್ಮಿಟ್ಟಿನಿಂದಲೇ.

ಟ್ಯಾಕ್ಸಿಯ ಮುಂಗಾಜಿನ ಮೇಲೆ ದುಂಡನೆಯ ಕಾಗದದ ಟೋಕನ್ ಇರಬೇಕಿತ್ತು. ರಸ್ತೆ ತೆರಿಗೆ ಕಟ್ಟಿದ ಗುರುತು ಅದು. ಬಾಡಿಗೆ ಗಾಡಿಗೆ ಅದು ಸಿಗಬೇಕಾದರೆ ಮೊದಲು ಮೋಟಾರ್ ಇನ್‌ಸ್ಪೆಕ್ಟರು ಗಾಡಿಯನ್ನು ಓಡಿಸಿ ನೋಡಿ, ಜನರನ್ನು ಕೂರಿಸಲು ಯೋಗ್ಯವಾಗಿದೆ ಎಂದು ಬರೆದುಕೊಡಬೇಕು. ಅದಕ್ಕೆ ನಮ್ಮಲ್ಲಿ ಪಾಸಿಂಗ್ ಎನ್ನುತ್ತಾರೆ. ಇನ್‌ಸ್ಪೆಕ್ಟರು ಹದಿನೈದು ದಿನಕ್ಕೊಮ್ಮೆ ಸೊಲ್ಲಾಪುರದ ಮೈದಾನವೊಂದಕ್ಕೆ ಬರುತ್ತಿದ್ದರು. ಮಾಮನ ಹಳೆಯ ಪಾಸಿಂಗೂ ಟೋಕನ್ನೂ ಮುಗಿಯುವ ದಿನವೇ ಈ ಸಲ ಅವರು ಬರುವವರಿದ್ದರು. ಅಂದು ಗಾಡಿ ಪಾಸಾಗದಿದ್ದರೆ ಮರುದಿನದಿಂದ ಅದು ರಸ್ತೆಗೆ ಇಳಿಯುವಂತಿಲ್ಲ.

ಬೆಳಿಗ್ಗೆ ಹೊರಡುವಾಗ ಮಾಮ ಬಾನೆಟ್ಟಿನ ಮೇಲೆ ಬೀರಪ್ಪನ ಭಂಡಾರ ಬಳಿದ. ನಾನು ಸುಮ್ಮನಿರಬಹುದಿತ್ತು.

"ಮಾಮಾ, ಸಾಹೇಬ್ರು ಎಂಜಿನ್ ನೋಡತಾರೋ, ಅರಿಶಿಣ ನೋಡತಾರೋ?"

"ನೀ ಬಾಯಿ ಮುಚ್ಚಿಕೊಂಡು ಕುಂಡ್ರು. ಎರಡೂ ನೋಡಲಿ."

ನನಗೆ ಆಗ ಇಪ್ಪತ್ತು ವರ್ಷ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಬಹುಮಾನದ ಢಾಲು ಗೆದ್ದು ಇನ್ನೂ ತಿಂಗಳಾಗಿರಲಿಲ್ಲ. ಯಾವ ವಿಷಯ ಕೊಟ್ಟರೂ ಐದು ನಿಮಿಷ ಪರವಾಗಿ, ಐದು ನಿಮಿಷ ವಿರೋಧವಾಗಿ ಮಾತಾಡಬಲ್ಲೆ ಎಂಬುದು ನನ್ನ ಹೆಮ್ಮೆಯಾಗಿತ್ತು. ಎರಡೂ ಕಡೆ ಮಾತಾಡಬಲ್ಲವನಿಗೆ ತನ್ನ ಕಡೆ ಯಾವುದೆಂದು ಗೊತ್ತಿರಬೇಕಾಗಿಲ್ಲ ಎಂಬುದನ್ನು ಆಗ ಯೋಚಿಸಿರಲಿಲ್ಲ.

ಮೈದಾನದ ಅಂಚಿನ ಕಚೇರಿಯಲ್ಲಿ ತೆರಿಗೆಯ ಕಿಟಕಿ. ಅಲ್ಲಿಂದಲೇ ಪಾಸಿಂಗಿನ ಫಾರ್ಮು ತರಬೇಕು. ಮಾಮ ಫಾರ್ಮು ಕೇಳಿದ, ನಾನು ನಡುವೆ ತಲೆ ತೂರಿಸಿದೆ. ಟೋಕನ್ನಿನ ತೆರಿಗೆ ಈಗಲೇ ತೆಗೆದುಕೊಳ್ಳಿ, ಪಾಸಿಂಗ್ ಮಧ್ಯಾಹ್ನ ಆಗುತ್ತದೆ ಎಂದೆ.

"ಆಧೀ ಪಾಸಿಂಗ್, ನಂತರ ಟೋಕನ್," ಎಂದ ಕಾರಕೂನ ಮರಾಠಿಯಲ್ಲಿ, ತಲೆ ಎತ್ತದೆ. ಪಾಸಿಂಗ್ ಮೊದಲು ಆಗಲಿ ಎಂದರ್ಥ.

"ರಾವಸಾಹೇಬ್, ತೆರಿಗಿ ಗಾಡಿ ಇಟ್ಟುಕೊಂಡಿದ್ದಕ್ಕ. ಪಾಸಿಂಗ್ ಗಾಡಿ ಸುರಕ್ಷಿತ ಅದ ಅನ್ನೂದಕ್ಕ. ಎರಡೂ ಬ್ಯಾರೆ. ಒಂದು ಆಗೂತನಕ ಇನ್ನೊಂದು ತೊಗೊಳ್ಳಂಗಿಲ್ಲ ಅಂತ ಯಾವ ಕಲಮಿನ್ಯಾಗ ಬರದದ, ತೋರಿಸ್ರಿ."

ಈ ಸಲ ಅವನು ತಲೆ ಎತ್ತಿದ. ಕನ್ನಡದಲ್ಲೇ ಹೇಳಿದ: "ತಮ್ಮಾ, ನಾ ಇವತ್ತ ನಿನ್ನ ತೆರಿಗಿ ತೊಗೊಂಡು ಟೋಕನ್ ಕೊಟ್ಟೆ. ಗಾಡಿ ಪಾಸ್ ಆಗಲಿಲ್ಲ. ನಾಳಿಗಿ ಪೊಲೀಸ್ನವ ಟೋಕನ್ ನೋಡಿ ಬಿಟ್ಟ. ಗಾಡಿ ಹೋಗಿ ಯಾರಿಗರ ಬಡೀತು. ಆವಾಗ ನೀ ಬಂದು ಇಲ್ಲಿ ಭಾಷಣಾ ಮಾಡತೀ ಏನು?"

ನನ್ನ ಹತ್ತಿರ ಅದಕ್ಕೂ ಉತ್ತರವಿತ್ತು. ಹಿಂದೆ ಸಾಲಿನಲ್ಲಿದ್ದವರು ನಕ್ಕರು. ಮಾಮ ನನ್ನ ತೋಳು ಹಿಡಿದು ಹೊರಗೆ ಎಳೆದ. ಅವನ ಕಿವಿ ಕೆಂಪಾಗಿದ್ದವು.

"ನಾಳೆ ಮತ್ತ ಇದೇ ಕಿಡಕಿಗಿ ನಾ ಬರಬೇಕೋ, ನೀ ಬರತೀಯೋ? ಇಲ್ಲೇ ಗಾಡಿ ಹಂತ್ಯಾಕ ನಿಂದ್ರು. ಒಂದು ಮಾತ ಆಡಬ್ಯಾಡ."

ಫಾರ್ಮು ತುಂಬಿಸಿ ಸಹಿ ಹಾಕಿಸಲು ಅವನು ಒಳಗೆ ಹೋದ. ಸಾಲಿನಲ್ಲಿ ನಮಗಿಂತ ಮುಂದೆ ಆರೇಳು ಗಾಡಿಗಳಿದ್ದವು. ಎಲ್ಲರೂ ಪೆಟ್ರೋಲು ಉಳಿಸಲು ಎಂಜಿನ್ ಆರಿಸಿ ಕೈಯಿಂದಲೇ ತಳ್ಳುತ್ತಿದ್ದರು. ನಮ್ಮದನ್ನು ನಾನೂ ಹಿಂದಿನ ಗಾಡಿಯವನೂ ಸೇರಿ ತಳ್ಳಿದೆವು. ಪ್ರತಿ ಸಲ ನಾನು ತೆರೆದ ಬಾಗಿಲಿನಿಂದ ಕಾಲು ಚಾಚಿ ಒತ್ತಿದಾಗ ಬ್ರೇಕು ಕಿರ್ರೆಂದು ಕೂಗುತ್ತಿತ್ತು. ಹೊಸ ಬ್ರೇಕ್‌ಪಟ್ಟಿ ಹಾಕಿ ಎಂಟು ದಿನವಾಗಿತ್ತಷ್ಟೆ. ಸವೆಯುವತನಕ ಕೂಗುತ್ತದೆ, ಕೂಗಲಿ ಬಿಡು ಎಂದು ಗಾಡಿ ರಿಪೇರಿಯ ಮಿಸ್ತ್ರಿ ಮಾಮನಿಗೆ ಹೇಳಿದ್ದನಂತೆ. ಆದರೆ ಮುಂದಿನ ಗಾಡಿಯೊಂದನ್ನು ಇನ್‌ಸ್ಪೆಕ್ಟರು ಹಾರ್ನು ಸರಿಯಿಲ್ಲವೆಂದು ವಾಪಸು ಕಳಿಸಿದ್ದನ್ನು ನಾನು ಆಗಷ್ಟೇ ನೋಡಿದ್ದೆ. ಹಾರ್ನಿಗೇ ಹೀಗೆ ಮಾಡುವವರು ಈ ಕೂಗನ್ನು ಕೇಳಿದರೆ?

ನಾನು ತರ್ಕ ಕಟ್ಟಿದೆ. ಸದ್ದು ಬರುವುದು ತಿಕ್ಕಾಟದಿಂದ. ತಿಕ್ಕಾಟ ಹೋಗುವುದು ಎಣ್ಣೆಯಿಂದ. ಆದ್ದರಿಂದ ಎಣ್ಣೆ. ಹುಟ್ಟಿದಂದಿನಿಂದ ಬಂಡಿಗಳ ನಡುವೆ ಬೆಳೆದವನಿಗೆ ಇದರಲ್ಲಿ ಸಂಶಯ ಪಡುವಂಥದ್ದು ಏನೂ ಕಾಣಲಿಲ್ಲ. ನಮ್ಮೂರಲ್ಲಿ ಗಾಲಿ ಕೂಗಿದರೆ ಕೇಳಿದವರು ಬಂಡಿಯವನನ್ನು ಬೈಯುತ್ತಾರೆ, ಎತ್ತಿನ ಮೇಲೆ ಕರುಣೆ ಇಲ್ಲವೇನೋ ಎಂದು.

ಬೇವಿನ ಮರದ ಕೆಳಗೆ ಭಂಡಾರಕವಠೆ ಎಂಬ ಊರಿನಿಂದ ಜೋಳದ ಚೀಲ ತಂದಿದ್ದ ರೈತನೊಬ್ಬ ಬಂಡಿ ಬಿಟ್ಟು ಕೂತಿದ್ದ. ಅವನ ಬಂಡಿಯ ಕೆಳಗೆ ಕೀಲಿಗೆ ಹಾಕುವ ಹರಳೆಣ್ಣೆಯ ಬಿದಿರು ಗೊಟ್ಟ ತೂಗಾಡುತ್ತಿತ್ತು.

"ಕಾಕಾ, ಸ್ವಲ್ಪ ಔಡಲೆಣ್ಣಿ ಕೊಡ್ರಿ. ಗಾಡಿ ಕೂಗಾಕತ್ತದ."

"ಮೋಟಾರಿಗೂ ಇದೇ ಹಾಕತಾರೇನೋ ತಮ್ಮಾ?"

"ಗಾಲಿ ಅಂದ್ರ ಗಾಲೀನ, ಕಾಕಾ. ಬಂಡೀದಾದರೇನು, ಮೋಟಾರಿಂದಾದರೇನು?"

"ಅದೂ ಖರೇನ," ಎಂದು ಅವನು ಗೊಟ್ಟ ಬಿಚ್ಚಿಕೊಟ್ಟ.

ನಾನು ನೆಲಕ್ಕೆ ಒರಗಿ, ಒಂದೊಂದೇ ಗಾಲಿಯ ಹಿಂದಿನ ಸಂದಿಯಲ್ಲಿ ಎಣ್ಣೆ ಬಿಟ್ಟೆ. ನಾಲ್ಕೂ ಗಾಲಿಗೆ, ಭೇದ ಮಾಡದೆ. ಮತ್ತೆ ಎರಡು ಸಲ ಗಾಡಿ ತಳ್ಳಿ ನಿಲ್ಲಿಸುವಷ್ಟರಲ್ಲಿ ಕೂಗು ನಿಂತುಹೋಯಿತು. ಕೈಯನ್ನು ಧೋತರದ ತುದಿಗೆ ಒರೆಸಿಕೊಂಡೆ. ಮಾಮ ಬಂದಾಗ ನಾನು ಎಣ್ಣೆಯ ಮಾತು ಎತ್ತಲಿಲ್ಲ. ಮಾತಾಡಬೇಡ ಎಂದಿದ್ದನಲ್ಲ. ಪಾಸಾದ ಮೇಲೆ ಹೇಳಿ ನಗಿಸಬೇಕೆಂದುಕೊಂಡೆ.

ಇನ್‌ಸ್ಪೆಕ್ಟರು ಧಾರವಾಡದ ಕಡೆಯವರು. ತೆಳ್ಳನೆಯ ಮನುಷ್ಯ, ಖಾಕಿ ಅಂಗಿ, ಕಿಸೆಯಲ್ಲಿ ಪೆನ್ನು. ದೀಪ ನೋಡಿದರು, ಹಾರ್ನು ನೋಡಿದರು, ಬಾನೆಟ್ಟು ಎತ್ತಿಸಿದರು. ಆಮೇಲೆ ಮಾಮನ ಪಕ್ಕದಲ್ಲಿ ಕೂತು, "ಜೋರಾಗಿ ಬಿಡ್ರಿ. ನಾ ಅಂದ ಕೂಡಲೆ ಬ್ರೇಕ್ ಒತ್ತರಿ," ಎಂದರು. ಮೈದಾನದ ನಡುವೆ ಸುಣ್ಣದ ಎರಡು ಗೆರೆ ಎಳೆದಿದ್ದರು. ಮೊದಲ ಗೆರೆಯಲ್ಲಿ ಬ್ರೇಕು ಒತ್ತಿದ ಗಾಡಿ ಎರಡನೆಯದರೊಳಗೆ ನಿಲ್ಲಬೇಕು. ನಾನು ಎರಡನೆಯ ಗೆರೆಯ ಬದಿಗೆ ನಿಂತೆ. ಅದರಾಚೆ ಒಂದು ಮಣ್ಣಿನ ಗುಡ್ಡೆ. ಅದರ ಬುಡದಲ್ಲಿ ಡ್ರೈವರುಗಳು ಕುಕ್ಕರಗಾಲಲ್ಲಿ ಕೂತು ಬೀಡಿ ಸೇದುತ್ತಿದ್ದರು.

ಗಾಡಿ ಬಂತು. ಮೊದಲ ಗೆರೆ ದಾಟುವಾಗ ಮಾಮನ ಮೈಯೆಲ್ಲ ಹಿಂದಕ್ಕೆ ಒತ್ತಿದ್ದು ಗಾಜಿನಲ್ಲಿ ಕಂಡಿತು. ಸದ್ದಿಲ್ಲ. ಗಾಡಿ ಬಂದ ಹಾಗೆಯೇ ಬರುತ್ತಿತ್ತು. ಎರಡನೆಯ ಗೆರೆಯನ್ನೂ ದಾಟಿ ನನ್ನ ಪಕ್ಕದಿಂದ ಹಾಯ್ದಾಗ ಮಾಮ ಬಾಯಿ ತೆರೆದಿದ್ದ, ಕೂಗುತ್ತಿದ್ದನೋ ಏನೋ, ನನಗೆ ಕೇಳಲಿಲ್ಲ. ಬೀಡಿ ಸೇದುತ್ತಿದ್ದವರು ಎದ್ದು ಚೆಲ್ಲಾಪಿಲ್ಲಿಯಾದರು. ಒಬ್ಬನ ರುಮಾಲು ಅಲ್ಲೇ ಬಿತ್ತು. ಗಾಡಿ ಅದರ ಮೇಲೆ ಹೋಗಿ, ಮೂತಿಯನ್ನು ಮಣ್ಣಿನ ಗುಡ್ಡೆಗೆ ಊರಿ ನಿಂತಿತು.

ನಾನು ಓಡಿದೆ. ಇಬ್ಬರಿಗೂ ಪೆಟ್ಟಾಗಿರಲಿಲ್ಲ. ಇನ್‌ಸ್ಪೆಕ್ಟರು ಕೆಳಗಿಳಿದು ಟೊಪ್ಪಿಗೆ ಸರಿಮಾಡಿಕೊಂಡರು. ಬಗ್ಗಿ, ಗುಡ್ಡೆಗೆ ಊರಿದ ಗಾಡಿಯ ಮೂತಿಯನ್ನು ನೋಡಿದರು. ಅಷ್ಟು ಕಂಡಮೇಲೂ ನನ್ನ ಬಾಯಿ ತೆರೆಯಿತು.

"ಸಾಹೇಬ್ರ, ಈ ಮೈದಾನ ಇಳಿಜಾರ ಅದರಿ. ಇನ್ನೊಮ್ಮೆ ಆ ಕಡೆಯಿಂದ ನೋಡ್ರಿ. ಮುಂಜಾನೆ ಅಕ್ಕಲಕೋಟಿಂದ ಇಲ್ಲೀತನಕ ಬ್ರೇಕ್ ಚಲೋನ ಇತ್ತು."

"ಮುಂಜಾನೆ ನಿಂತ ಗಾಡಿ ಮಧ್ಯಾಹ್ನ ಯಾಕ ನಿಲ್ಲಲಿಲ್ಲ?"

ಅದು ನಿಜವಾದ ಪ್ರಶ್ನೆ. ಉತ್ತರ ನನ್ನ ಧೋತರದ ತುದಿಯಲ್ಲೇ ಇತ್ತು, ನನಗೆ ಹೊಳೆದಿರಲಿಲ್ಲ. ಉತ್ತರವಿಲ್ಲದಾಗ ಎದುರಾಳಿಯ ಉದ್ದೇಶವನ್ನೇ ಪ್ರಶ್ನಿಸುವುದು ವಾದದ ಹಳೆಯ ಪಟ್ಟು. "ನಿಮಗ ಬ್ಯಾರೆ ಏನರ ಬೇಕಾಗಿದ್ದರ ಬಾಯಿಬಿಟ್ಟು ಹೇಳ್ರಲ್ಲ," ಎಂದೆ, ಸುತ್ತ ನಿಂತವರಿಗೆಲ್ಲ ಕೇಳುವಂತೆ.

ಮಾಮ ಕಣ್ಣು ಮುಚ್ಚಿಕೊಂಡ. ಇನ್‌ಸ್ಪೆಕ್ಟರು ನನ್ನ ಕಡೆ ನೋಡಲೇ ಇಲ್ಲ. "ಗಾಲಿ ಬಿಚ್ಚರಿ," ಎಂದರು ಮಾಮನಿಗೆ.

ಜಾಕು ಹಚ್ಚಿ ಮುಂದಿನ ಎಡಗಾಲಿ ಬಿಚ್ಚಿ, ಒಳಗಿನ ಡ್ರಮ್ಮು ಕಳಚುತ್ತಲೇ ವಾಸನೆ ಬಂತು. ಬಿಸಿಯಾದ ಔಡಲೆಣ್ಣೆಯ ವಾಸನೆ. ಹೊಸ ಬ್ರೇಕ್‌ಪಟ್ಟಿಗಳು ಮಿರಿಮಿರಿ ಮಿಂಚುತ್ತಿದ್ದವು. ಸದ್ದು ಮಾಡುವ ಆ ತಿಕ್ಕಾಟವೇ ಗಾಡಿಯನ್ನು ನಿಲ್ಲಿಸುವುದು ಎಂದು ನನಗೆ ಆ ಕ್ಷಣದಲ್ಲಿ ತಿಳಿಯಿತು.

ಇನ್‌ಸ್ಪೆಕ್ಟರು ಎರಡು ಬೆರಳಿನಲ್ಲಿ ಎಣ್ಣೆ ಉಜ್ಜಿ ಮೂಸಿದರು.

"ಇದು ಸೋರಿ ಬಂದ ಎಣ್ಣಿ ಅಲ್ಲ. ಹಾಕಿದ್ದು ಐತಿ." ಮಾಮನ ಕಡೆ ತಿರುಗಿದರು. "ಬ್ರೇಕಿನ ಕೂಗು ಮುಚ್ಚಾಕ ಮಾಡೀರೇನು? ಇದರಾಗ ಐದು ಮಂದಿನ್ನ ಕುಂದರಿಸಿಕೊಂಡು ಹೋಗಿದ್ದರ? ಫೇಲ್ ಅಂತ ಬರದು ಬಿಡೂ ಮಾತಲ್ಲ ಇದು. ಪರ್ಮಿಟ್ ರದ್ದು ಮಾಡ್ರಿ ಅಂತ ಮ್ಯಾಲೆ ಬರೀತೀನಿ."

"ಬೀರಪ್ಪನ ಆಣಿ ಸಾಹೇಬ್ರ, ನನಗೇನೂ..." ಎಂದು ಶುರುಮಾಡಿದ ಮಾಮ ನನ್ನನ್ನು ನೋಡಿದ. ನನ್ನ ಕೈ ನೋಡಿದ, ಧೋತರದ ತುದಿ ನೋಡಿದ.

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು.

ನನ್ನ ತಲೆ ಆಗಲೂ ಕೆಲಸ ಮಾಡುತ್ತಿತ್ತು, ನಾಚಿಕೆಗೇಡಿನಷ್ಟು ಚೆನ್ನಾಗಿ. ಮಿಸ್ತ್ರಿ ಹಾಕಿರಬಹುದು. ಪರ್ಮಿಟ್ಟಿಗೆ ಆಸೆಪಟ್ಟ ಇನ್ನಾರೋ ಹಾಕಿರಬಹುದು. ನೋಡಿದವರಾರು, ಸಾಕ್ಷಿ ಏನು? ಒಂದೊಂದನ್ನೂ ಐದು ನಿಮಿಷ ಎಳೆಯಬಲ್ಲೆ. ಯಾವುದನ್ನು ಮೊದಲು ಹೇಳಲಿ ಎಂದು ಆರಿಸುತ್ತಿದ್ದಾಗ ಮಾಮನ ದನಿ ಕೇಳಿತು.

"ನಾನ ಹಾಕೀನ್ರಿ."

ತಪ್ಪು ಒಪ್ಪಿಕೊಂಡವನ ದನಿಯಲ್ಲ ಅದು. ಮನೆಯಲ್ಲಿ ಊಟಕ್ಕೆ ಬರ್ರಿ ಎಂದು ಕರೆಯುವಷ್ಟು ಸಾದಾ ದನಿ.

"ಇಲ್ಲರಿ," ಎಂದೆ. ಒಂದು ಹೆಜ್ಜೆ ಮುಂದೆ ಬಂದೆ. ಮತ್ತೊಮ್ಮೆ ಹೇಳಿದೆ. "ಸಾಹೇಬ್ರ, ಅವರು ಒಳಗ ಫಾರ್ಮ್ ತುಂಬಾಕ ಹೋಗಿದ್ರು. ನಾ ಹಾಕೀನಿ. ಅವರಿಗಿ ಗೊತ್ತೇ ಇಲ್ಲ."

"ಯಾಕ ಹಾಕಿದಿ?"

"ಕೂಗತಿತ್ತರಿ."

ಡ್ರೈವರೊಬ್ಬ ಮೊದಲು ನಕ್ಕ, ಆಮೇಲೆ ಎಲ್ಲರೂ. "ಬಂಡಿ ಅಂತ ತಿಳಕೊಂಡಾನ್ರಿ ಕಾಲೇಜಿನವ!" ಇನ್‌ಸ್ಪೆಕ್ಟರು ನಗಲಿಲ್ಲ. ಎಣ್ಣೆ ಎಲ್ಲಿಂದ ಬಂತೆಂದು ಕೇಳಿದರು. ಬೇವಿನ ಮರದ ಕಡೆಯಿಂದ ಭಂಡಾರಕವಠೆಯ ರೈತ ತಾನಾಗಿಯೇ ಬಂದ, ಗೊಟ್ಟ ಕೈಯಲ್ಲೇ ಹಿಡಿದು.

"ನಾ ಕೊಟ್ಟೀನ್ರಿ ಸಾಹೇಬ್ರ. ಹುಡುಗ ಗಾಲಿ ಕೂಗತದ ಅಂದ. ಕೂಗೂ ಗಾಲಿಗಿ ಎಣ್ಣಿ ಇಲ್ಲ ಅನ್ನಬಾರದಲ್ಲರಿ. ಈ ಮನುಷ್ಯ ಆವಾಗ ಇಲ್ಲಿ ಇದ್ದಿದ್ದಿಲ್ಲ, ಅದು ಖರೇ."

ಇನ್‌ಸ್ಪೆಕ್ಟರು ಗೊಟ್ಟವನ್ನು ಮೂಸಿ ನೋಡಿ ಹಿಂತಿರುಗಿಸಿದರು. ಫಾರ್ಮನ್ನು ಬಾನೆಟ್ಟಿನ ಮೇಲೆ ಹರವಿದರು. ನಾನು ಪೆನ್ನಿನ ಮೊನೆಯನ್ನೇ ನೋಡುತ್ತಿದ್ದೆ. ಕೊನೆಗೆ ಬರೆದದ್ದು ಒಂದೇ ಸಾಲು: ಬ್ರೇಕು ಅಯೋಗ್ಯ, ದುರಸ್ತಿ ಮಾಡಿಸಿ ಮತ್ತೆ ತರುವುದು.

"ಪರ್ಮಿಟ್ಟಿನ ಮಾತು ಬರದಿಲ್ಲ," ಎಂದರು ಮಾಮನಿಗೆ. "ಪಟ್ಟಿ ನಾಲ್ಕೂ ಬದಲಿ ಮಾಡಸರಿ, ಎಣ್ಣಿ ಕುಡದಾವು, ತೊಳದರ ಹೋಗಂಗಿಲ್ಲ. ಮುಂದಿನ ಸಲ ತರ್ರಿ. ಇವತ್ತ ಕಿಡಕಿ ಮುಚ್ಚೂದ್ರಾಗ ಗಾಡಿ ಓಡಸಂಗಿಲ್ಲ ಅಂತ ಅರ್ಜಿ ಕೊಡ್ರಿ. ನಿಂತ ದಿನದ ತೆರಿಗಿ ಬೀಳಂಗಿಲ್ಲ." ಆಮೇಲೆ ನನ್ನ ಕಡೆ ಬೆರಳು ಮಾಡಿದರು. "ಅರ್ಜಿ ಇವನ ಕೈಲೆ ಬರಸರಿ. ಬಾಯಿಗಿಂತ ಕೈ ಚಲೋ ಇರಬಹುದು."

ಕಿಟಕಿಯಲ್ಲಿ ಅದೇ ಕಾರಕೂನ. "ಬಂದರಪ್ಪಾ ವಕೀಲಸಾಹೇಬ್ರು," ಎಂದು ಕಾಗದ ಸರಿಸಿದ. ನಾನು ಮುಂಗಾಜಿನಿಂದ ಉಗುರಿನಲ್ಲಿ ಕೆರೆದು ತೆಗೆದ ಹಳೆಯ ಟೋಕನ್ನನ್ನು, ಅರ್ಜಿಯ ಜೊತೆ ಒಪ್ಪಿಸಬೇಕಾದದ್ದೆಂದು, ಮುಂದಿಟ್ಟೆ. ಗಾಡಿ ಎಲ್ಲಿ ನಿಲ್ಲುತ್ತದೆ ಎಂಬಲ್ಲಿ ಸೊಲ್ಲಾಪುರದ ಮಿಸ್ತ್ರಿಯ ಜಾಗ ಬರೆದೆ. ಕಾರಣ ಎಂಬಲ್ಲಿ, ಅಳಿಯನಾದ ನಾನು ತಿಳಿವಳಿಕೆ ಇಲ್ಲದೆ ಬ್ರೇಕಿನಲ್ಲಿ ಎಣ್ಣೆ ಹಾಕಿದ್ದರಿಂದ ಎಂದು ಪೂರ್ತಿ ಬರೆದೆ. ಕಾರಕೂನ ಓದಿದ, ಅದರ ಮೇಲೆ ಅಡ್ಡಗೀಟು ಹೊಡೆದ.

"ಸರಕಾರಕ್ಕ ನಿನ್ನ ತಿಳಿವಳಿಕಿ ಬ್ಯಾಡ ತಮ್ಮಾ. ದುರಸ್ತಿ ಅಂತ ಬರಿ."

ಬರೆದೆ. ವಾದಿಸಲಿಲ್ಲ.

ಗಾಡಿ ಪಾಸಾಗಲು ಮುಂದೆ ಹದಿನೈದು ದಿನ ಬೇಕಾಯಿತು. ಅಷ್ಟೂ ದಿನ ಮಾಮ ಬೇರೆಯವರ ಲಾರಿಯಲ್ಲಿ ಕ್ಲೀನರನಾಗಿ ಹೋದ, ನಲವತ್ತು ದಾಟಿದ ಮನುಷ್ಯ. ಆಮೇಲೆ ಹೊಸ ಪಟ್ಟಿ ಕಿರ್ರೆಂದು ಕೂಗುತ್ತಲೇ ಗೆರೆಯೊಳಗೆ ನಿಂತಿತು, ಟೋಕನ್ ಬಂತು. ನನಗೆ ಹೆಚ್ಚು ನೆನಪಿರುವುದು ಅದಲ್ಲ, ಅರ್ಜಿ ಕೊಟ್ಟ ಮಧ್ಯಾಹ್ನ ಗಾಡಿಯನ್ನು ಮಿಸ್ತ್ರಿಯಲ್ಲಿಗೆ ಒಯ್ದದ್ದು.

ಬ್ರೇಕಿಲ್ಲದ ಗಾಡಿಗೆ ಎಂಜಿನ್ ಹಚ್ಚುವಂತಿರಲಿಲ್ಲ. ಮಾಮ ಸ್ಟಿಯರಿಂಗಿನಲ್ಲಿ, ನಾನು ಹಿಂದೆ ತಳ್ಳುತ್ತ, ಪೇಟೆಯ ನಡುವೆ ಹೊರಟೆವು. ರೈಲು ಸೇತುವೆಯ ಹತ್ತಿರ ರಸ್ತೆ ಕೆಳಗಿಳಿಯಿತು, ಗಾಡಿ ನನ್ನ ಕೈಬಿಟ್ಟು ತಾನೇ ಹೊರಟಿತು.

"ದಬ್ಬಬ್ಯಾಡೋ! ಹಿಡಿ, ಹಿಂದಕ ಹಿಡಿ!" ಎಂದು ಮಾಮ ಕೂಗಿದ.

ನಾನು ಹಿಂದಿನ ಬಂಪರಿಗೆ ಜೋತುಬಿದ್ದು ಕಾಲು ಊರಿದೆ. ಚಪ್ಪಲಿಯ ಉಂಗುಷ್ಠ ಕಿತ್ತಿತು. ಬರಿಗಾಲು ಧೂಳಿನಲ್ಲಿ ಎಳೆಯುತ್ತ ಹೋಯಿತು, ಹಿಮ್ಮಡಿ ಸುಲಿಯಿತು. ಕೆಳಗೆ ತಲುಪಿ ಗಾಡಿ ತಾನಾಗಿ ನಿಲ್ಲುವತನಕ ನಾನು ಬಿಡಲಿಲ್ಲ. ಮಾಮ ಇಳಿದು ಬಂದು ನನ್ನ ಕಾಲು ನೋಡಿದ, ತನ್ನ ಚಪ್ಪಲಿ ಕಳಚಿ ನನ್ನ ಮುಂದೆ ಹಾಕಿದ.

"ಏರು ಬಂತು," ಎಂದ. "ಈಗ ದಬ್ಬು."