ನೀರಗಂಟಿ ವಾಚ್‌ಮನ್ ಆದದ್ದು

ಸ್ನೇಹಿತರೇ, ಹೆಬ್ಬಾಳದ ಕೆರೆಗೆ ನಾನು ನೀರಗಂಟಿ. ತೂಬು ತೆಗೆದು ಯಾವ ಗದ್ದೆಗೆ ಎಷ್ಟು ನೀರೆಂದು ಹಂಚುವವನು. ಊರಿನ ಕಟ್ಟಕಡೆಯ ಗದ್ದೆಗೆ ನೀರು ಮುಟ್ಟುವವರೆಗೆ ನನ್ನ ಗದ್ದೆಗೆ ಬಿಟ್ಟುಕೊಂಡವನಲ್ಲ. ಇವತ್ತು ಬೆಳಿಗ್ಗೆ ಸರ್ಕಾರಿ ಕಚೇರಿಯ ಗುಮಾಸ್ತ ಬಂದು ನನ್ನ ಹೆಸರಿನ ಮುಂದೆ ‘ವಾಚ್‌ಮನ್’ ಎಂದು ಬರೆದುಕೊಂಡ.

“ಅಂಗಂದ್ರೇನಯ್ಯ?”

“ಕಾಯೋನು ಅಂತ. ಏರಿ ಮೇಲೆ ಕೂತು ನೋಡ್ಕೊಂಡಿರಿ, ಸಾಕು. ಮೇಲಿಂದ ಆರ್ಡರ್ ಬರೋವರ್ಗೂ ತೂಬು ಮುಟ್ಟಂಗಿಲ್ಲ.”

“ನೋಡಾಕೆ ಕೊಕ್ಕರೆಗಳವೆ, ನಾನ್ಯಾಕೆ?” ಎಂದು ರೇಗಿದೆ. ಅವನು ತೂಬಿಗೆ ಬೀಗ ಜಡಿದು ಹೋದ.

ಮಧ್ಯಾಹ್ನ ಕೆಂಪಾಪುರದ ಮುನಿಯಮ್ಮ ಓಡಿಬಂದಳು. “ಅಣ್ಣೋ, ಪೈರು ತೆನೆ ಕಟ್ತಾ ಐತೆ. ಇವತ್ತು ನೀರು ಬಿಡ್ಲಿಲ್ಲ ಅಂದ್ರೆ ಎಲ್ಲಾ ಜೊಳ್ಳಾಯ್ತದೆ.”

ಬೀಗ ತೋರಿಸಿದೆ. ಇಬ್ಬರೂ ಏರಿಯ ಮೇಲೆ ಕೂತು ತುಂಬಿದ ಕೆರೆಯನ್ನು ನೋಡಿದೆವು. ಒಂದು ಸಂಬಳಕ್ಕೆ ಸರ್ಕಾರಕ್ಕೆ ಇಬ್ಬರು ವಾಚ್‌ಮನ್ ಸಿಕ್ಕರು.