ಅರ್ಜಿ ಟೈಪ್ ಮಾಡಿದ ಅಕ್ಕ

ಬಳ್ಳಾರಿಯಲ್ಲಿ ಟೈಪಿಂಗ್ ಅಂಗಡಿ ಇಟ್ಟಿದ್ದ ಅಕ್ಕ, ಅರ್ಥವಾಗದ ಸಾಲು ಬಂದರೆ ಕೀಬೋರ್ಡಿನಿಂದ ಕೈ ತೆಗೆದು, "ಬಾಯಿಲೆ ಹೇಳ್ರಿ" ಎನ್ನುತ್ತಿದ್ದರು. ಸಿರುಗುಪ್ಪದ ಕಡೆಯ ಭತ್ತ ನಾಟಿಯ ಹಾಡುಗಳನ್ನು ಸಂಗ್ರಹಿಸಲು ನಾನು ಸಲ್ಲಿಸಿದ್ದ ಸಂಶೋಧನಾ ಅನುದಾನದ ಅರ್ಜಿ ಎರಡು ಸಲ ತಿರಸ್ಕೃತವಾಗಿತ್ತು. ಮೂರನೆಯ ಅರ್ಜಿ ಟೈಪ್ ಮಾಡಿಸಲು ಅವರ ಬಳಿ ಹೋದೆ. ಮೊದಲ ಪುಟಕ್ಕೇ ಅವರ ಕೈ ನಿಂತಿತು.

"ಇದರಾಗ ಹಾಡೋರು ಯಾರೂ ಇಲ್ಲಲ್ರಿ ಸರ. ಬಾಯಿಲೆ ಹೇಳ್ರಿ."

ಹಾಡುಗಳನ್ನೆಲ್ಲ ಬಲ್ಲ ಒಬ್ಬ ಅಜ್ಜಿಯ ಬಗ್ಗೆ, ದಿನೇ ದಿನೇ ಕುಗ್ಗುತ್ತಿದ್ದ ಆಕೆಯ ದನಿಯ ಬಗ್ಗೆ ಹೇಳಿದೆ. ಅಕ್ಕ ನನ್ನ ಮಾತನ್ನೇ ಟೈಪ್ ಮಾಡಿದರು. ಆ ಅರ್ಜಿಗೆ ಅನುದಾನ ಬಂತು. ದನಿ ನಿಲ್ಲುವ ಮೊದಲೇ ಅಜ್ಜಿಯ ಹಾಡುಗಳನ್ನು ಧ್ವನಿಮುದ್ರಿಸಿಕೊಂಡೆ.

ಕೃತಜ್ಞತೆ ಹೇಳಲು ಅಂಗಡಿಗೆ ಹೋಗಿ, ಮೊಬೈಲಿನಲ್ಲಿ ಒಂದು ಹಾಡು ಕೇಳಿಸಿದೆ. ಕಾಯುತ್ತಿದ್ದ ಗಿರಾಕಿಗಳಿಗೆ ಅಕ್ಕ, "ಸ್ವಲ್ಪ ಕುಂದರ್ರಿ, ನೀವೂ ಕೇಳ್ರಿ" ಎಂದು ಹೇಳಿ, ಇನ್ನೊಂದು ಹಾಡು ಹಾಕಿಸಿದರು.