ಮಾತಾಡದ ಗುಂಡಿಗಳು

ಹೊಸೂರಿನ ಸಣ್ಣ ಕಚೇರಿಯೊಂದರಲ್ಲಿ ನಾವಿಬ್ಬರು ಪ್ರೋಗ್ರಾಂ ಬರೆಯುತ್ತಿದ್ದೆವು. ಗೇರುಗಳ ಅಳತೆ ಪರೀಕ್ಷಿಸುವ ಯಂತ್ರಕ್ಕೆ ಬೇಕಾದ ತಂತ್ರಾಂಶ ಅದು. ಬಹುಪಾಲು ನನ್ನ ಹಿರಿಯ ಸಹೋದ್ಯೋಗಿಯೇ ಬರೆದದ್ದು. ಉದ್ದನಪಲ್ಲಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿನ್ನುತ್ತಿತ್ತು. ಪರದೆಗೆ ಮೂಗು ತಾಗಿಸಿದರೂ ಅಕ್ಷರ ಕಾಣದ ಹಂತಕ್ಕೆ ಬಂದಿದ್ದರು.

ಆಗಲೇ ಗಿರಾಕಿ ಕಾರ್ಖಾನೆಯವರು ವಿಂಡೋಸ್ ಬೇಡ, ಲಿನಕ್ಸ್‌ಗೆ ತನ್ನಿ ಎಂದರು. ಪರದೆಯ ಮೇಲೆ ಗುಂಡಿ, ಪಟ್ಟಿಗಳನ್ನು ಮೂಡಿಸಲು ಯಾವ ಟೂಲ್‌ಕಿಟ್ ಬಳಸುವುದೆಂದು ಮೊದಲು ತೀರ್ಮಾನಿಸಬೇಕಿತ್ತು. ಎರಡರಲ್ಲಿ ಮಾದರಿ ಮಾಡಿದೆ. ಒಂದು ಕ್ಯೂಟಿ. ಇನ್ನೊಂದು ಎಲ್ಲವನ್ನೂ ಬರೀ ಚಿತ್ರವಾಗಿ ಬಿಡಿಸುವಂಥದ್ದು. ಹಳೆಯ ಕೋಡನ್ನು ಹೆಚ್ಚು ಕದಲಿಸದೆ ಈ ಎರಡನೆಯದರೊಳಗೆ ಕೂರಿಸಬಹುದಿತ್ತು; ಕ್ಯೂಟಿಗಾದರೆ ಬಹುಪಾಲು ಹೊಸದಾಗಿ ಬರೆಯಬೇಕಿತ್ತು.

ಪರದೆಯನ್ನು ಓದಿ ಹೇಳುವ ಪ್ರೋಗ್ರಾಂ ಹಾಕಿ ಅವರಿಗೆ ಹೆಡ್‌ಫೋನ್ ಕೊಟ್ಟೆ. ಕ್ಯೂಟಿಯ ಮಾದರಿಯಲ್ಲಿ ಟ್ಯಾಬ್ ಒತ್ತಿದಾಗಲೆಲ್ಲ ಅದು ಗುಂಡಿಯ ಹೆಸರು ಹೇಳಿತು.

"ಮಾತಾಡ್ತದೆ ಕಣ್ಲಾ!" ಎಂದರು. "ಇದಾದ್ರೆ ಇನ್ನೊಂದಷ್ಟು ವರ್ಸ ಕೆಲ್ಸ ಮಾಡ್ಬೋದು."

ಎರಡನೆಯದರಲ್ಲಿ ಟ್ಯಾಬ್ ಒತ್ತುತ್ತಲೇ ಹೋದರು. ಏನೂ ಕೇಳಿಸಲಿಲ್ಲ. ಬರೀ ಚಿತ್ರದಲ್ಲಿ ಓದಿ ಹೇಳಲು ಅದಕ್ಕೆ ಹೆಸರೇ ಸಿಗುತ್ತಿರಲಿಲ್ಲ. ಹೆಡ್‌ಫೋನ್ ಕಿತ್ತುಬಂದಿದೆಯೇನೋ ಎಂದು ವೈರು ತಡವಿ ನೋಡಿದರು.

ಎರಡನೆಯದಾದರೆ ಅವರೇ ಬರೆದ ಪ್ರೋಗ್ರಾಮನ್ನು ಅವರೇ ನಡೆಸಿ ನೋಡಲಾಗದಂತೆ ಆಗುತ್ತದೆ ಎಂದು ನಮ್ಮ ಕಚೇರಿಯ ಮಾಲೀಕರ ಮುಂದೆ ವಾದಿಸಿದೆ.

"ಎಲ್ಲಾ ತಿರುಗಿ ಬರೆಯೋಕೆ ಟೈಮ್ ಇಲ್ಲಪ್ಪಾ, ಮುಡಿಯಾದು, ಆಗಲ್ಲ," ಎಂದರು ಮಾಲೀಕರು. "ಕಸ್ಟಮರ್‌ಗೆ ಸ್ಕ್ರೀನ್ ಹಳೇ ಥರಾನೇ ಇರ್ಬೇಕು. ಆಪರೇಟರ್‌ಗಳಿಗೆ ಕಣ್ಣಿದೆಯಲ್ಲಾ?"

ಕೆಟ್ಟ ಮನುಷ್ಯರೇನಲ್ಲ, ನನ್ನ ಸಹೋದ್ಯೋಗಿಯ ಕಣ್ಣಿನ ಆಪರೇಷನ್ನಿಗೆ ಕೇಳಿದಷ್ಟು ರಜೆ ಕೊಟ್ಟವರೂ ಅವರೇ. ಎರಡನೆಯದೇ ಎಂಬ ತೀರ್ಮಾನ ಮಾತ್ರ ಬದಲಾಗಲಿಲ್ಲ.

ಹೊರಗೆ ಬಂದು ಸಹೋದ್ಯೋಗಿಗೆ ಹೇಳಿದೆ.

"ಬುಡ್ಲಾ. ನಂಗೋಸ್ಕರ ಫ್ಯಾಕ್ಟ್ರಿ ನಿಂತ್ಕತದಾ?" ಎಂದು, ನಾನಿದ್ದೇನೆ ಅಂದುಕೊಂಡ ಕಡೆಗೆ ಹೆಡ್‌ಫೋನ್ ಚಾಚಿದರು. ನಾನು ನಿಂತದ್ದು ಇನ್ನೊಂದು ಪಕ್ಕದಲ್ಲಿ.

ಕೆಲಸ ಶುರುವಾಯಿತು. ಅವರು ಪಕ್ಕದಲ್ಲಿ ಕೂತು ನೆನಪಿನಿಂದಲೇ ಕೋಡು ಹೇಳುವರು, ನಾನು ಟೈಪ್ ಮಾಡುವೆ. ಪ್ರೋಗ್ರಾಂ ಬದಲಾದಂತೆಲ್ಲ ಅವರ ನೆನಪು ಅದಕ್ಕೆ ತಾಳೆಯಾಗದಾಯಿತು. "ಈಗ ಅಲ್ಲಿ ಏನೈತೆ?" ಎಂದು ಕೇಳುವುದು ಹೆಚ್ಚಿತು. ಆಮೇಲೆ ಕೇಳುವುದನ್ನೂ ಬಿಟ್ಟರು. ಒಂದು ಸೋಮವಾರ ಬರಲಿಲ್ಲ. ಮತ್ತೆ ಬರಲೇ ಇಲ್ಲ.

ಕಾರ್ಖಾನೆಯಲ್ಲಿ ಪ್ರೋಗ್ರಾಂ ಚೆನ್ನಾಗಿಯೇ ನಡೆಯುತ್ತಿದೆ. ಎಲ್ಲಾದರೂ ತೊಡಕಾದರೆ ಅವರಿಗೆ ಫೋನ್ ಮಾಡುತ್ತಿದ್ದೆ, ಹೇಳಿಕೊಡುತ್ತಿದ್ದರು. ಮೊನ್ನೆ ಮಾಡಿದಾಗ ಅವರ ಹೆಂಡತಿ ಎತ್ತಿಕೊಂಡರು.

"ಆ ಪ್ರೋಗ್ರಾಮ್ ಇಸ್ಯ ಆದ್ರೆ ಬ್ಯಾಡ ಅಂತವ್ರೆ. ಬ್ಯಾರೆ ಏನಾದ್ರೂ ಮಾತಾಡಂಗಿದ್ರೆ ಕೊಡ್ತೀನಿ."

ಬೇರೆ ಏನು ಮಾತಾಡುವುದೆಂದು ನನಗೆ ತೋಚಲಿಲ್ಲ. ಊಟ ಆಯಿತಾ ಎಂದು ಆಕೆಯನ್ನೇ ಕೇಳಿ ಫೋನ್ ಇಟ್ಟೆ.